ಅವ್ವನ ಮುಖಕ್ಕೆ ಬಿಟ್ಟ ಜಾಗ

ಹ್ಯೂಸ್ಟನ್
೧೮ ಅಕ್ಟೋಬರ್ ೧೯೯೯

ಪ್ರೀತಿಯ ಅವ್ವ,

ನೀಲಕಂಠಪ್ಪ ಮಾಸ್ತರರು ಕನ್ನಡಕ ಒರೆಸಿಕೊಂಡು ಇದನ್ನು ಓದಲು ಕೂತಿರುತ್ತಾರೆ, ನೀನು ಚಹಾಕ್ಕೆ ಇಟ್ಟಿರುತ್ತೀ. ಇಬ್ಬರಿಗೂ ನಮಸ್ಕಾರ. ಆರಾಮಾಗಿದ್ದೇನೆ, ಆದರೆ ದಣಿದಿದ್ದೇನೆ. ವಾರವೆಲ್ಲ ಲ್ಯಾಬು, ಶನಿವಾರ ಭಾನುವಾರ ಗೋಡೆ. ಭುಜ ನೋಯುತ್ತದೆ. ಇದನ್ನು ನಿನಗೆ ಬರೆಯಲು ನಾಚಿಕೆಯೂ ಆಗುತ್ತದೆ.

ಇಲ್ಲಿ ತೆರೆಸಾ ಎಂಬ ಕಲಾವಿದೆ ಇದ್ದಾಳೆ. ಅವಳ ಹಿರಿಯರು ಮೆಕ್ಸಿಕೋದವರು. ತಾಯಿ ಟೆಕ್ಸಾಸಿನ ದಕ್ಷಿಣದ ಹೊಲಗಳಲ್ಲಿ ಉಳ್ಳಾಗಡ್ಡಿ ಕಿತ್ತವಳು. ದಿನವಿಡೀ ಬೆನ್ನು ಬಗ್ಗಿಸುವ ಗಿಡ್ಡ ಹಿಡಿಯ ಗುದ್ದಲಿ ಬೇಡ, ಕುಡಿಯಲು ನೀರು ಬೇಕು ಎಂದು ಕೆಲಸ ನಿಲ್ಲಿಸಿ ರಸ್ತೆಗಿಳಿದ ಹೆಂಗಸರಲ್ಲಿ ಅವಳೂ ಒಬ್ಬಳು. ಅವರನ್ನೆಲ್ಲ ತೆರೆಸಾ ಒಂದು ಬೇಕರಿಯ ಗೋಡೆಯ ಮೇಲೆ ಬರೆಯುತ್ತಿದ್ದಾಳೆ. ಬಣ್ಣ ಕಲಸಲು ಹೋದ ನಾನು ಈಗ ಅಟ್ಟಣಿಗೆ ಹತ್ತಿದ್ದೇನೆ.

ಅವಳದೊಂದು ಪದ್ಧತಿ. ಗೋಡೆಗಾಗಿ ದುಡಿದ ಪ್ರತಿ ಹೆಂಗಸೂ, ಬೇರೆಯವರ ಹೊಲದಲ್ಲಿ ದುಡಿದ ತನ್ನವಳೊಬ್ಬಳ ಮುಖ ಬರೆಯಬಹುದು. ಬದುಕಿರುವವಳಾದರೆ ಅವಳನ್ನು ಕೇಳಿಯೇ ಬರೆಯಬೇಕು. ನನಗೆಂದು ಮೂಲೆಯಲ್ಲಿ ಜಾಗ ಬಿಟ್ಟಿದ್ದಾಳೆ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಅಂಗಡಿಯ ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಎನ್ನುತ್ತೀ.

ನಾನು ಹೊರಡುವಾಗ ನೀನು ಬಸ್ಸಿನ ಕಿಟಕಿ ಹಿಡಿದು, "ನಾ ಕೂಲಿ ಮಾಡಿದ್ದು ಅಲ್ಲಿ ಯಾರ ಮುಂದೂ ಹೇಳಬ್ಯಾಡ" ಅಂದಿದ್ದೆ. ಮಾತು ಉಳಿಸಿಕೊಂಡಿದ್ದೇನೆ. ಇಲ್ಲೇ ಪಕ್ಕದ ಕೇಟಿ ಎಂಬ ಊರಲ್ಲಿರುವ ವಿದ್ಯಾವತಿ ಆಂಟಿ, ಮೂಲ ಧಾರವಾಡದವರು, ಪಂಚಮಿಗೆ ಮನೆಗೆ ಕರೆದಿದ್ದರು. ಊರಲ್ಲಿ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರು. "ಹೊಲದ ಕೆಲಸರಿ" ಅಂದೆ. "ಎಷ್ಟ ಎಕರೆ ಐತಿ?" ಅಂದರು. ಬಾಯಲ್ಲಿ ಶೇಂಗಾ ಉಂಡಿ ಇತ್ತು, ಸುಮ್ಮನಾದೆ. ಹೀಗೆ ಸುಮ್ಮನಾಗುವುದೇ ಲ್ಯಾಬಿಗಿಂತ ಹೆಚ್ಚು ದಣಿವು. ಗೋಡೆಯ ಉದ್ಘಾಟನೆಗೆ ಅವರೂ ಬರುತ್ತಾರಂತೆ.

ಇನ್ನೊಂದು ಮಾತು. ನಿನ್ನ ಮುಖ ಬರೆಯಲು ಕೂತರೆ ಕೈಗೆ ಬೆನ್ನೇ ಬರುತ್ತದೆ. ನೀನು ಕಳೆ ತೆಗೆಯುವಾಗ ಬದುವಿನ ಮೇಲೆ ಕೂತು ಇಡೀ ದಿನ ನಾನು ನೋಡಿದ್ದು ಅದನ್ನೇ. ತೆರೆಸಾ ಅದನ್ನು ನೋಡಿ, ತನ್ನ ಗೋಡೆಯಲ್ಲಿ ಯಾರೂ ಬಗ್ಗಿಲ್ಲ, ಇವಳನ್ನು ಎಬ್ಬಿಸಿ ನಿಲ್ಲಿಸು ಅಂದಳು.

ನಿಲ್ಲಿಸಲೇ ಅವ್ವ? ಬೇಡ ಅಂದರೆ ಬೇಸರವಿಲ್ಲ. ಏನಿದ್ದರೂ ಮಾಸ್ತರರ ಕೈಲಿ ಬರೆಸು.

ನಿನ್ನ ಮಗಳು,
ಜಯದೇವಿ

ತಾ.ಕ.: ಮಾಸ್ತರರೇ, ಇದನ್ನು ಗಟ್ಟಿಯಾಗಿ ಓದಬೇಡಿ. ಅಟ್ಟಣಿಗೆಯನ್ನು ಈ ವಾರವೇ ಇಳಿಸುತ್ತಾರೆ, ಪತ್ರ ಊರು ಮುಟ್ಟುವವರೆಗೆ ಕಾಯುವಂತಿರಲಿಲ್ಲ. ಅವ್ವ ಒಪ್ಪಿದ್ದಾಳೆ ಎಂದು ತೆರೆಸಾಗೆ ಸುಳ್ಳು ಹೇಳಿ ನಿನ್ನೆ ಬರೆದುಬಿಟ್ಟೆ. ಗೋಡೆಯಲ್ಲಿ ಅವ್ವ ಒಂದು ಕೈ ಸೊಂಟದ ಮೇಲಿಟ್ಟು ನೆಟ್ಟಗೆ ನಿಂತಿದ್ದಾಳೆ. ಅವಳಿಗೆ ಬೇಡವಾದರೆ ಏಣಿ ಹಾಕಿ ನಾನೇ ಬಿಳಿ ಬಣ್ಣ ಬಳಿಯುತ್ತೇನೆ. ನಿಮ್ಮೆದುರು ನಾಚಿಕೊಂಡು ಬಾಯಲ್ಲಿ ಏನಾದರೂ ಅಂದಾಳು, ಅದನ್ನು ಬರೆಯುವುದು ಬೇಡ. ನೀವು ಓದುತ್ತಿದ್ದಾಗ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳೋ ಇಲ್ಲವೋ, ಅದನ್ನಷ್ಟೇ ಬರೆಯಿರಿ.