ಶ್ಲೇಝಿಯನ್ನೋ ಶ್ಲೋನ್ಸ್ಕೋ

ಬೊರೊವಿನಾ, ಓಪೋಲೆ ಹತ್ತಿರ
೧೨ ಮೇ ೧೯೯೬

ಪ್ರೀತಿಯ ಅಪ್ಪಾ,

ಸೊಂಟನೋವು ಹೇಗಿದೆ? ಭಾರ ಎತ್ತಬೇಡಿ ಎಂದು ಜರ್ಮನಿಯಲ್ಲಿ ನಿಮ್ಮ ಡಾರ್ಟ್‌ಮುಂಡಿನ ಡಾಕ್ಟರು ಹೇಳಿದರೂ ನೀವು ಎತ್ತುತ್ತೀರೆಂದು ಅಮ್ಮ ಇಲ್ಲಿಂದಲೇ ಬೈಯುತ್ತಿದ್ದಾಳೆ. ನಾವೆಲ್ಲ ಕ್ಷೇಮ, ನನ್ನ ಮದುವೆಯೊಂದನ್ನು ಬಿಟ್ಟು.

ಗಾಬರಿಯಾಗಬೇಡಿ, ಮದುಮಗ ನಾರ್ಬರ್ಟ್ ಒಳ್ಳೆಯವನೇ. ಜಗಳ ನಿಮ್ಮ ಅಮ್ಮನಿಗೂ ಎದುರುಮನೆ ತ್ರೂದ್ಲಜ್ಜಿಗೂ. ಚರ್ಚಿನ ಹಾಡಿನ ತಂಡಕ್ಕೆ ಹೊಸ ಪತಾಕೆ ಹೊಲಿಯುವಾಗ, ನಮ್ಮ ಸೀಮೆಯ ಹೆಸರು ಹೇಗೆ ಬರೆಯುವುದೆಂದು ಶುರುವಾಯಿತು. ನಮ್ಮಜ್ಜಿ ಜರ್ಮನ್‌ನಲ್ಲಿ ‘ಶ್ಲೇಝಿಯನ್’ ಎಂದಳು. ತ್ರೂದ್ಲಜ್ಜಿ ಊರಮಾತಿನಲ್ಲಿ ‘ಶ್ಲೋನ್ಸ್ಕ್’ ಎಂದಳು. “ಯುದ್ಧ ಮುಗಿದು ಈ ಸೀಮೆ ಜರ್ಮನಿಯಿಂದ ಪೋಲೆಂಡಿಗೆ ಹೋದಾಗಿಂದ ಆ ಭಾಷೇಲಿ ಬಾಯಿ ಬಿಡೋ ಹಾಗಿರ್ಲಿಲ್ಲ, ಈಗ್ಲೂ ಮುಚ್ಕೊಂಡಿರ್ಬೇಕೇನೇ?” ಎಂದು ಅಜ್ಜಿ. “ಪತಾಕೆ ಓದೋರು ಊರವರು ಕಣೇ, ಬರ್ಲಿನ್ನಿನವರಲ್ಲ!” ಎಂದು ತ್ರೂದ್ಲಜ್ಜಿ. ಪತಾಕೆ ಅರ್ಧಕ್ಕೇ ನಿಂತಿದೆ.

ನನಗೆ ಸೋಜಿಗವೆಂದರೆ, ಜರ್ಮನ್ ಹೆಸರಿಗೆ ಜೀವ ಬಿಡುವ ಅಜ್ಜಿ ಜಪಸರ ಹಿಡಿದರೆ ಪ್ರಾರ್ಥಿಸುವುದು ಊರಮಾತಿನಲ್ಲಿ. ತ್ರೂದ್ಲಜ್ಜಿಯೋ ಕೋಳಿಗಳಿಗೆ ಬೈಯುವುದು ಅಪ್ಪಟ ಜರ್ಮನ್‌ನಲ್ಲಿ. ಅದನ್ನು ಹೇಳಿದರೆ ಇಬ್ಬರೂ ನನ್ನ ಮೇಲೇ ಹರಿಹಾಯುತ್ತಾರೆ. ಒಂದೇ ನೆಲಕ್ಕೆ ಎರಡು ಹೆಸರಿದ್ದರೆ ಕಳೆದುಕೊಳ್ಳುವುದೇನು ಅಪ್ಪಾ? ನಿಜವಾಗಿಯೂ ಕೇಳುತ್ತಿದ್ದೇನೆ.

ಆದರೆ ಮದುವೆಯ ಕೊಲಾಚ್ ಸಿಹಿರೊಟ್ಟಿಯ ಗತಿ ಏನಾಗಬೇಕು? ಹಿಟ್ಟು ನಾದುವುದು ತ್ರೂದ್ಲಜ್ಜಿ, ಗಸಗಸೆ ಹೂರಣ ಅಜ್ಜಿಯದು. ಊರಿನ ಯಾವ ಮದುವೆಗೂ ಅದು ತಪ್ಪಿದ್ದಿಲ್ಲ. ಮದುವೆಗೆ ಮುಂಚೆ ನಾನು ಮನೆಮನೆಗೆ ಅದನ್ನು ಕೊಟ್ಟು ಬರಬೇಕು. ಎದುರುಮನೆಗೇ ಕೊಡದೆ ಮುಂದೆ ಹೋದರೆ ಎರಡು ಮನೆಗಳ ನಂಟು ಮುಗಿಯಿತೆಂದು ಊರೇ ತಿಳಿಯುತ್ತದೆ. “ನನ್ನ ಹೂರಣ ಆ ಬಾಗಿಲು ದಾಟಲ್ಲ” ಎನ್ನುತ್ತಾಳೆ ಅಜ್ಜಿ. ನನ್ನನ್ನು ತೊಟ್ಟಿಲಲ್ಲಿ ತೂಗಿದವಳ ಮನೆಯ ಮುಂದೆ ತಲೆ ತಗ್ಗಿಸಿ ಹೇಗೆ ಹೋಗಲಿ? ರಾತ್ರಿಯೆಲ್ಲ ಅತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಮ್ಮ ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ದೇವಮಾತೆ ನಿಮ್ಮ ಸೊಂಟವನ್ನೂ ನಿಮ್ಮನ್ನೂ ಕಾಯಲಿ.

ನಿಮ್ಮ ಮಗಳು,
ಬ್ರಿಗಿಡಾ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮ ಫೋನ್ ಬಂತು. ಎತ್ತಿದ್ದು ಅಜ್ಜಿ. “ಮುಂದಿನ ತಿಂಗಳು ಪೋಲೆಂಡಿಗೆ ಬರ್ತೀನಿ” ಅಂದಿರಂತೆ. ಅಜ್ಜಿ ಫೋನ್ ಕುಕ್ಕಿ, ಏಪ್ರನ್ನಿನಲ್ಲೇ ಎದುರುಮನೆಗೆ ಓಡಿದಳು: “ತ್ರೂದ್ಲಾ, ಕೇಳಿದ್ಯೇನೇ? ಪೋಲೆಂಡಿಗೆ ಬರ್ತಾನಂತೆ, ಪ್ರವಾಸಕ್ಕೆ ಬಂದೋನ ಹಾಗೆ! ಮನೆಗೆ ಬರ್ತೀನಿ ಅನ್ನೋಕೆ ಬಾಯಿ ಬರ್ಲಿಲ್ಲ!” “ನಮ್ಮ ಕೈಯಲ್ಲಿ ಬೆಳೆದ ಮುಂಡೇದು!” ಎಂದಳು ಅವಳು. ಈಗ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಒಂದೇ ಬೋಗುಣಿಯ ಮುಂದೆ ಕೂತು ನಿಮ್ಮನ್ನು ಬೈಯುತ್ತಾ ಗಸಗಸೆ ಅಳೆಯುತ್ತಿದ್ದಾರೆ. ಅಪ್ಪಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಮದುವೆ ಮುಗಿಯುವವರೆಗೆ ಕ್ಷಮೆ ಕೇಳಬೇಡಿ.