ನಿಮ್ಮ ಅಕ್ಕನ ಕೆಮ್ಮು

ಕಾವ್ಯಾಳ ಅಜ್ಜನವರಿಗೆ,

ನೀವು ತೀರಿಹೋದ ಮೇಲೂ ಮನೆಯ ಸುದ್ದಿ ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ನಿಮ್ಮ ಅಕ್ಕ ಶೇಖವ್ವನವರನ್ನು ಇಂದು ಹಾವೇರಿಯ ದವಾಖಾನೆಗೆ ಕರೆದೊಯ್ದಿದ್ದೆ. ಬ್ಯಾಡಗಿಯಲ್ಲಿ ಕೆಮ್ಮದವರು ಯಾರು, ಮೆಣಸಿನಕಾಯಿ ಘಾಟು ಎಂದುಕೊಂಡು ಇಷ್ಟು ದಿನ ಶುಂಠಿ ಕಷಾಯವನ್ನೇ ಕುಡಿಸುತ್ತ ಬಂದಿದ್ದೆ. ಕ್ಷಯ ಇರಬಹುದು, ಕಫದ ವರದಿ ಬರುವವರೆಗೆ ಬೇರೆ ಇರಿಸಿ ಎಂದರು ಡಾಕ್ಟರು.

ಮನೆಗೆ ಬಂದೊಡನೆ, ದಿನವೂ ಅವರ ತಾಟಿನಲ್ಲೇ ಉಣ್ಣುವ ಕಾವ್ಯಾಳನ್ನು ಗದರಿಸಿ ಕೋಣೆಯಿಂದ ಹೊರಗೆ ಕಳಿಸಿದೆ.

"ಜಡ್ಡು ನನಗ ಬಂದೈತಿ, ಮಾರಿ ನೀ ಯಾಕ ಮುಚ್ಚಿಗೊಂಡಿ?" ಎಂದು ನನ್ನ ಮಾಸ್ಕ್ ನೋಡಿ ನಕ್ಕರು. ಆದರೆ ರೊಟ್ಟಿ ಮುಟ್ಟಲಿಲ್ಲ.

"ಒಬ್ಬಾಕಿಗೇ ತುತ್ತು ಇಳಿಯಂಗಿಲ್ಲವ್ವಾ."

ನನ್ನ ತಾಟು ತಂದು ಬಾಗಿಲಾಚೆ, ದೂರದಲ್ಲಿ ಕುಳಿತೆ. ಆಗ ಉಂಡರು. ನೀವಿದ್ದಾಗ ನಾವಿಬ್ಬರು ಗಂಡ-ಹೆಂಡತಿ ಹೀಗೆ ಒಮ್ಮೆಯೂ ಕುಳಿತು ಉಣ್ಣಲಿಲ್ಲ.