ಟ್ಯಾಂಕ್ ತುಂಬುವಷ್ಟು ಹೊತ್ತು

ಜೂನ್ ೧೧, ಬುಧವಾರ. ಲಾರಿಯಲ್ಲೇ ಮಲಗಿದ್ದೇನೆ, ನಿದ್ದೆ ಹತ್ತುತ್ತಿಲ್ಲ.

ಅಕ್ಕ ಕೆಲಸ ಮಾಡುವ ಬಂಕಿನಲ್ಲಿ ಇಂದು ಕಂಪನಿ ಕಾರ್ಡ್ ನಡೆಯಲಿಲ್ಲ. ಅವಳೇ ಎರಡು ಸಲ ಉಜ್ಜಿ ನೋಡಿದಳು. ಆಫೀಸಿಗೆ ಫೋನ್ ಮಾಡಿದರೆ ಅಕೌಂಟೆಂಟ್, "ಇನ್ಮೇಲೆ ಹೆದ್ದಾರಿ ಬಂಕಲ್ಲಿ ಮಾತ್ರ ಕಾರ್ಡ್ ನಡೆಯೋದು. ಊರೊಳಗೆ ಯಾಕ್ರೀ ಹೋಗ್ತೀರಾ?" ಎಂದರು.

ಏನೆಂದು ಹೇಳಲಿ? ತಮ್ಮ ಮನೆ ಹೊಸಿಲು ತುಳಿಯಬೇಡ ಎಂದು ಭಾವ ನನಗೆ ಹೇಳಿದ ಮೇಲೆ ಅಕ್ಕನಿಗೂ ನನಗೂ ಉಳಿದಿದ್ದೇ ಟ್ಯಾಂಕ್ ತುಂಬುವಷ್ಟು ಹೊತ್ತು. ಅಷ್ಟರಲ್ಲೇ ಮಕ್ಕಳ ಸುದ್ದಿ ಹೇಳುತ್ತಿದ್ದಳು, ಸೊರಗಿದ್ದೀಯ ಎಂದು ಬೈಯುತ್ತಿದ್ದಳು.

"ಸುಮ್ನೆ ನಿಲ್ಲಿಸ್ಕೊಂಡ್ರೆ ಮ್ಯಾನೇಜರ್ ಬೈತಾರೆ ಕಣೋ," ಎಂದವಳೇ ಬಟ್ಟೆ ತಂದು ಮುಂದಿನ ಗಾಜು ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು. ಡೀಸೆಲ್ ಹಾಕದಿದ್ದರೂ ಟ್ಯಾಂಕ್ ತುಂಬುವಷ್ಟು ಹೊತ್ತೂ ಒರೆಸಿದಳು. ಅವಳು ಗಾಜಿನ ಆಚೆ, ನಾನು ಈಚೆ.

ಹೊರಡುವಾಗ ಕಿಟಕಿ ಹತ್ತಿರ ಬಂದಳು. "ಮುಂದಿನ ವಾರ ಗಾಜು ಚೆನ್ನಾಗಿ ಕೊಳೆ ಮಾಡ್ಕೊಂಡು ಬಾರೋ."

ಹೂಂ ಎಂದೆ. ಊರೊಳಗೆ ಲಾರಿ ತಿರುಗಿಸಿದರೆ ಇನ್ನು ಆಫೀಸಿನವರು ಸುಮ್ಮನಿರುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಗಾಜಿನ ಮೇಲೆ ಆಗಲೇ ಧೂಳು ಕೂರುತ್ತಿದೆ. ಕೂರಲಿ. ನಾನಂತೂ ಒರೆಸುವುದಿಲ್ಲ.